ಜೂಡೋ ಕಲಿಕೆಯ ಮೊದಲ ಪಾಠ: ಬೀಳುವ ವಿದ್ಯೆ

ಜೂಡೋ ಕಲಿಯಬಯಸಿ ಅಭ್ಯಾಸಶಾಲೆಗೆ ಹೋದ ಹೊಸಬನಿಗೆ ಮೊದಲ ದಿನಗಳಲ್ಲೇ ಒಂದು ನಿರಾಶೆ ಕಾದಿರುತ್ತದೆ. ಎದುರಾಳಿಯನ್ನು ಎತ್ತಿ ಒಗೆಯುವ ಪಟ್ಟುಗಳಿಗಾಗಿ ಅವನು ಬಂದಿರುತ್ತಾನೆ. ಗುರುಗಳು ಅವನಿಗೆ ಬೀಳುವುದನ್ನು ಕಲಿಸತೊಡಗುತ್ತಾರೆ. ಮಲಗಿದಲ್ಲಿ, ಕುಕ್ಕರಗಾಲಿನಲ್ಲಿ ಕುಳಿತಲ್ಲಿಂದ, ಕೊನೆಗೆ ನಿಂತಲ್ಲಿಂದ, ಹೀಗೆ ಹಿಂದಕ್ಕೂ ಪಕ್ಕಕ್ಕೂ ಬೀಳುವುದೇ ಬೀಳುವುದು. ಜಪಾನೀ ಭಾಷೆಯಲ್ಲಿ ಇದಕ್ಕೆ ‘ಉಕೆಮಿ’ ಎಂದು ಹೆಸರು. ಹಳೆಯ ಜುಜುತ್ಸುವನ್ನು ಪರಿಷ್ಕರಿಸಿ 1882ರಲ್ಲಿ ಟೋಕಿಯೋ ನಗರದಲ್ಲಿ ಜೂಡೋವನ್ನು ಸ್ಥಾಪಿಸಿದವರು ಜಿಗೊರೊ ಕಾನೋ ಎಂಬ ಶಿಕ್ಷಣವೇತ್ತರು.

ಬೀಳುವುದಕ್ಕೂ ವಿದ್ಯೆ ಬೇಕೆ? ಲೆಕ್ಕ ಹಾಕಿ ನೋಡೋಣ.

1 ಮೀಟರು ಎತ್ತರದಿಂದ ಬಿದ್ದ ವಸ್ತು ನೆಲವನ್ನು ಮುಟ್ಟುವಾಗ ಸೆಕೆಂಡಿಗೆ ಸುಮಾರು 4.4 ಮೀಟರು ವೇಗವನ್ನು ಪಡೆದಿರುತ್ತದೆ. ಈ ವೇಗವೆಲ್ಲ 2 ಸೆಂಟಿಮೀಟರಿನೊಳಗೆ ಅಡಗಬೇಕಾದರೆ, ನೆಲವು ಅದರ ಮೇಲೆ ಬೀರುವ ಸರಾಸರಿ ಬಲವು ಅದರ ತೂಕದ 51 ಮಡಿಯಾಗುತ್ತದೆ. 10 ಸೆಂಟಿಮೀಟರು ದೊರೆತರೆ ಅದು 11 ಮಡಿಗೆ ಇಳಿಯುತ್ತದೆ. ಜೂಡೋ ಚಾಪೆಯ ಗುಟ್ಟು ಇಷ್ಟೇ. ನಮ್ಮ ಗರಡಿಗಳ ಮೆದುಮಣ್ಣಿನ ಗುಟ್ಟೂ ಇದೇ.

ಆದರೆ ನಿಂತ ಮನುಷ್ಯ ಹಿಂದಕ್ಕೆ ಉರುಳುವುದು ಮೇಲಿಂದ ಬಿಟ್ಟ ಕಲ್ಲಿನಂತಲ್ಲ. ಭಯದಿಂದ ಮೈಯನ್ನು ಕೋಲಿನಂತೆ ಸೆಟೆಸಿಕೊಂಡು ಬಿದ್ದವನನ್ನು, ಹಿಮ್ಮಡಿಯ ಸುತ್ತ ತಿರುಗುವ 1.6 ಮೀಟರು ಉದ್ದದ ಸರಳಿಗೆ ಹೋಲಿಸಬಹುದು. ಅಷ್ಟೇ ಎತ್ತರದಿಂದ ಬಿಟ್ಟ ಕಲ್ಲು ಸೆಕೆಂಡಿಗೆ 5.6 ಮೀಟರು ವೇಗದಿಂದ ನೆಲವನ್ನು ಮುಟ್ಟಿದರೆ, ಸರಳಿನ ತುದಿ 6.9 ಮೀಟರು ವೇಗದಿಂದ ಅಪ್ಪಳಿಸುತ್ತದೆ! ಸರಳಿನ ಕೆಳಭಾಗವು ತಾನು ಸ್ವತಂತ್ರವಾಗಿ ಬಿದ್ದಿದ್ದರೆ ಪಡೆಯುತ್ತಿದ್ದುದಕ್ಕಿಂತ ಕಡಿಮೆ ಚಲನಶಕ್ತಿಯನ್ನು ಪಡೆಯುತ್ತದೆ. ಉಳಿದ ಪಾಲು ತುದಿಯ ಕಡೆಗೆ ಸಲ್ಲುತ್ತದೆ. ಆ ತುದಿಯಲ್ಲಿರುವುದು ನಮ್ಮ ತಲೆ. ನಮ್ಮ ವಿದ್ಯಾರ್ಥಿಗಳು ಈ ಲೆಕ್ಕವನ್ನು ಜಡತ್ವದ ಮಹತ್ತ್ವದ ಪಾಠ ಬಂದಾಗ ತಾವೇ ಮಾಡಿ ನೋಡಬೇಕು.

ಹೀಗಾಗಿ ಹಿಂದಕ್ಕೆ ಬೀಳುವವನು ಮೊದಲು ಮೊಣಕಾಲನ್ನು ಮಡಿಸಿ ಕುಳ್ಳಿರುವಂತೆ ಕೆಳಗಿಳಿಯಬೇಕು, ಬೆನ್ನನ್ನು ಬಿಲ್ಲಿನಂತೆ ಬಾಗಿಸಬೇಕು, ಗದ್ದವನ್ನು ಎದೆಗೆ ಒತ್ತಿ ತನ್ನ ನಡುಕಟ್ಟಿನ ಗಂಟನ್ನು ನೋಡಬೇಕು. ಆಗ ದೇಹವು ತೊಟ್ಟಿಲಿನಂತೆ ಉರುಳುತ್ತದೆ, ತಲೆ ಚಾಪೆಯನ್ನು ಮುಟ್ಟುವುದೇ ಇಲ್ಲ.

ಇದು ಬರಿಯ ಶಿಸ್ತಿನ ಮಾತಲ್ಲ. ಜಪಾನಿನ ಶಾಲೆಗಳಲ್ಲಿ 1983ರಿಂದ 2011ರವರೆಗೆ ನೂರಕ್ಕೂ ಮಿಕ್ಕಿ ವಿದ್ಯಾರ್ಥಿಗಳು ಜೂಡೋ ಅಭ್ಯಾಸದಲ್ಲಿ ಮೃತಪಟ್ಟರು. ತಲೆಯ ಪೆಟ್ಟು ಅದರಲ್ಲಿ ಮುಖ್ಯ ಕಾರಣವಾಗಿತ್ತು. ಕಾಲನ್ನು ಹಿಂದಿನಿಂದ ಕೊಯ್ದಂತೆ ಸೆಳೆದು ಬೆನ್ನ ಮೇಲೆ ಕೆಡಹುವ ‘ಓಸೊತೊ-ಗಾರಿ’ ಪಟ್ಟು ಹೊಸಬರಿಗೆ ವಿಶೇಷ ಅಪಾಯಕರ. ತಲೆ ರಭಸದಿಂದ ತಿರುಗಿ ತಟ್ಟನೆ ನಿಂತಾಗ, ಮಿದುಳಿನಿಂದ ಅದರ ಹೊದಿಕೆಗೆ ಹಾಯ್ದಿರುವ ತೆಳುವಾದ ರಕ್ತನಾಳಗಳು ಹರಿಯಬಹುದು. ಮೇಲೆ ಗಾಯ ಕಾಣಲೇಬೇಕೆಂದಿಲ್ಲ. ಬಿದ್ದ ಮೇಲೆ ತಲೆನೋವು ಬಂದವನು ಅಂದೇ ಅಭ್ಯಾಸವನ್ನು ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ‘ಸಹಿಸಿಕೊ’ ಎನ್ನುವ ಗುರುವನ್ನು ಬಿಟ್ಟುಬಿಡುವುದೇ ಲೇಸು.

ಬೀಳುವಾಗ ಚಾಪೆಯನ್ನು ಕೈಯಿಂದ ಬಡಿಯುವುದೇಕೆ? ಅಂಗೈಯಿಂದ ಮುಂದೋಳಿನವರೆಗೆ ಒಟ್ಟಿಗೆ ತಗುಲಿದರೆ, ನೆಲದ ಬಲವು ಹೆಚ್ಚು ವಿಸ್ತಾರಕ್ಕೆ ಹಂಚಿಹೋಗಿ ಒತ್ತಡ ತಗ್ಗುತ್ತದೆ. ಒಂದು ತೋಳಿನ ರಾಶಿ ದೇಹದ ಇಪ್ಪತ್ತನೆಯ ಒಂದು ಪಾಲು ಮಾತ್ರವಾದುದರಿಂದ, ಆ ಬಡಿತದ ಸದ್ದಿನಷ್ಟು ದೊಡ್ಡದಲ್ಲ ಅದರ ಫಲ ಎಂದು ನಮಗನಿಸುತ್ತದೆ. ಆದರೂ ಅದರಿಂದ ಇನ್ನೊಂದು ಪ್ರಯೋಜನವುಂಟು. ಬೀಳುವವನ ಕೈ ತಾನಾಗಿಯೇ ಹಿಂದೆ ಊರಲು ಹೋಗುತ್ತದೆ. ಹಾಗೆ ಊರಿದರೆ ಇಡೀ ದೇಹದ ರಭಸವನ್ನು ಮಣಿಕಟ್ಟೊಂದೇ ಹೊರಬೇಕು. ಬಡಿಯುವ ಅಭ್ಯಾಸವು ಆ ಚಾಳಿಯನ್ನು ಬಿಡಿಸುತ್ತದೆ.

ಇಷ್ಟು ಕೈವಶವಾದ ಮೇಲೆ ಬೀಳಿಸುವ ಪಾಠ. ಅದರ ಮೊದಲ ಹಂತ ‘ಕುಜುಶಿ’, ಎಂದರೆ ಸಮತೋಲ ಕೆಡಿಸುವುದು. ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಎರಡು ಪಾದಗಳ ನಡುವಣ ಆಧಾರಕ್ಷೇತ್ರದಿಂದ ಹೊರಬಿದ್ದರೆ ಎಂಥ ಬಲಶಾಲಿಯಾದರೂ ನಿಲ್ಲಲಾರ. ಇದರಿಂದ ಜೂಡೋದಲ್ಲಿ ತೂಕಕ್ಕೆ ಬೆಲೆಯಿಲ್ಲವೆಂದು ತಿಳಿಯಬಾರದು. 1964ರ ಟೋಕಿಯೋ ಒಲಿಂಪಿಕ್ ಕೂಟದಲ್ಲಿ ತೂಕದ ಮಿತಿಯಿಲ್ಲದ ವರ್ಗದ ಚಿನ್ನವನ್ನು, ಸುಮಾರು 2 ಮೀಟರು ಎತ್ತರದ ಡಚ್ ದೈತ್ಯ ಆಂಟನ್ ಹೇಸಿಂಕ್, ಜಪಾನಿನ ಕಮಿನಾಗ ಅವರನ್ನು ಸೋಲಿಸಿ ಗೆದ್ದರು. ಕೌಶಲ ಸಮನಾದಾಗ ರಾಶಿಯೇ ಮೇಲಾಗುತ್ತದೆ. ಸ್ಪರ್ಧೆಗಳಲ್ಲಿ ತೂಕದ ವರ್ಗಗಳಿರುವುದು ಅದಕ್ಕಾಗಿಯೇ. ಹೊಸಬನು ಮೊದಲ ತಿಂಗಳುಗಳಲ್ಲಿ ತನ್ನ ತೂಕದವನೊಡನೆಯೇ ಅಭ್ಯಾಸ ಮಾಡುವಂತೆ ಗುರುಗಳನ್ನು ಕೇಳಿಕೊಳ್ಳಬೇಕು.