ಪ್ರಶ್ನೆಗೆ ದೊರೆಯುವ ಹಣ

ಧಾರವಾಡದ ಪಾವಟೆನಗರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂದ ಈ ವಿದ್ಯಾಪೀಠದಲ್ಲಿ ಎನ್.ಎಂ.ಆರ್. ಎಂಬ ಉಪಕರಣವುಂಟು. ವಸ್ತುವಿನ ಮಾದರಿಯನ್ನು ಪ್ರಬಲವಾದ ಕಾಂತಕ್ಷೇತ್ರದಲ್ಲಿರಿಸಿ, ಅದರ ಮೇಲೆ ರೇಡಿಯೋ ತರಂಗಗಳನ್ನು ಹಾಯಿಸಿ, ಅಣುಗಳ ರಚನೆಯನ್ನು ಅರಿಯುವುದು ಇದರ ಕೆಲಸ. ಇಂತಹ ಉಪಕರಣಗಳ ಬೆಲೆಯನ್ನು ಕೋಟಿಗಳಲ್ಲಿ ಎಣಿಸಬೇಕು. ವಿದ್ಯಾರ್ಥಿಗಳು ತೆರುವ ಶುಲ್ಕದಿಂದ ಅವನ್ನು ಕೊಳ್ಳಲಾಗದು. ಹಾಗಾದರೆ ಸಂಶೋಧನೆಗೆ ಹಣ ಕೊಡುವವರು ಯಾರು? ಏಕೆ ಕೊಡುತ್ತಾರೆ? ಯಾರಿಗೆ ಕೊಡಬೇಕೆಂದು ಹೇಗೆ ತೀರ್ಮಾನಿಸುತ್ತಾರೆ? ಇವನ್ನು ನಾವು ಇಲ್ಲಿ ವಿಚಾರಿಸೋಣ.

ಸಂಶೋಧನೆಯಲ್ಲಿ ಎರಡು ಬಗೆಗಳಿವೆ. ಎರೆಭೂಮಿಯಲ್ಲಿ ಹತ್ತಿಯ ಇಳುವರಿಯನ್ನು ಹೆಚ್ಚಿಸುವ ಬಗೆಯನ್ನು ಹುಡುಕುವುದು ಅನ್ವಯಿಕ ಸಂಶೋಧನೆ. ಸಸ್ಯದ ಜೀವಕೋಶವು ಹೇಗೆ ವಿಭಜನೆ ಹೊಂದುತ್ತದೆ ಎಂದು ಕೇಳುವುದು ಮೂಲಭೂತ ಸಂಶೋಧನೆ. ಮೊದಲನೆಯದರಿಂದ ಬರಬೇಕಾದ ಪ್ರಯೋಜನವನ್ನು ಮುಂಚಿತವಾಗಿಯೇ ಹೆಸರಿಸಬಹುದು, ಎರಡನೆಯದರದನ್ನು ಹೆಸರಿಸುವಂತಿಲ್ಲ. ಹುಬ್ಬಳ್ಳಿಯ ಪೇಟೆಯ ಹತ್ತಿ ವರ್ತಕನು ಬರಲಿರುವ ಬೆಳೆಯನ್ನು ನಂಬಿ ಮುಂಗಡ ಕೊಟ್ಟಾನು. ಯಾವ ಬೆಳೆ, ಯಾವ ವರ್ಷ, ಯಾರ ಹೊಲದಲ್ಲಿ ಎಂಬುದೊಂದೂ ತಿಳಿಯದಿದ್ದರೆ ಕೊಡಲಾರನು. ಇದು ಅವನ ದೋಷವಲ್ಲ. ಮೂಲಭೂತ ಜ್ಞಾನವು ಪ್ರಕಟವಾದೊಡನೆ ಎಲ್ಲರ ಸೊತ್ತಾಗುತ್ತದೆ. ಹಣ ಹೂಡಿದವನೊಬ್ಬನೇ ಅದರ ಲಾಭವನ್ನು ಪಡೆಯಲಾರನು. ಆದುದರಿಂದ ಅದಕ್ಕೆ ಬೇಕಾದ ಹಣದ ಬಹುಭಾಗವು ಎಲ್ಲರಿಗೂ ಸೇರಿದ ಬೊಕ್ಕಸದಿಂದಲೇ ಬರಬೇಕಾಗುತ್ತದೆ.

ಮೇಲೆ ಹೇಳಿದ ಉಪಕರಣದ ಕಥೆಯೇ ಇದಕ್ಕೆ ಉತ್ತಮ ನಿದರ್ಶನ. 1946ರಲ್ಲಿ ಅಮೆರಿಕದ ಪರ್ಸೆಲ್ ಮತ್ತು ಬ್ಲಾಕ್ ಎಂಬ ಭೌತವಿಜ್ಞಾನಿಗಳು ಬೇರೆ ಬೇರೆಯಾಗಿ ಕೆಲಸಮಾಡಿ, ಘನ ಮತ್ತು ದ್ರವ ವಸ್ತುಗಳಲ್ಲಿರುವ ಪರಮಾಣುಬೀಜಗಳು ಕಾಂತಕ್ಷೇತ್ರದಲ್ಲಿ ರೇಡಿಯೋ ತರಂಗಗಳಿಗೆ ಓಗೊಡುವುದನ್ನು ಕಂಡರು. ಅವರಿಗೆ ಬೇಕಾಗಿದ್ದುದು ಪರಮಾಣುಬೀಜದ ಗುಣಗಳ ಅರಿವು. ಔಷಧವಲ್ಲ, ಆಸ್ಪತ್ರೆಯೂ ಅಲ್ಲ. ಒಂದೇ ಧಾತುವಿನ ಬೀಜವು ಬೇರೆ ಬೇರೆ ಸಂಯುಕ್ತಗಳಲ್ಲಿ ತುಸು ಬೇರೆಯಾದ ಆವೃತ್ತಿಯಲ್ಲಿ ಓಗೊಡುತ್ತದೆಂಬುದು ಕೆಲವು ವರ್ಷಗಳಲ್ಲಿ ತಿಳಿಯಿತು. ಬೀಜದ ಗುಣವನ್ನು ನಿಖರವಾಗಿ ಅಳೆಯಹೊರಟವರಿಗೆ ಇದು ತೊಡಕಾಯಿತು. ರಸಾಯನಶಾಸ್ತ್ರಜ್ಞರಿಗೆ ಅದೇ ಅಣುರಚನೆಯನ್ನು ಓದುವ ಲಿಪಿಯಾಯಿತು. 1973ರಲ್ಲಿ ಲಾಟರ್‌ಬರ್ ಅದೇ ತತ್ತ್ವದಿಂದ ಚಿತ್ರ ಪಡೆಯುವ ವಿಧಾನವನ್ನು ತೋರಿದನು. ಇಂದು ಹುಬ್ಬಳ್ಳಿಯ ಆಸ್ಪತ್ರೆಗಳಲ್ಲಿ ರೋಗಿಯ ಮಿದುಳನ್ನು ಪರೀಕ್ಷಿಸುವ ಎಂ.ಆರ್.ಐ. ಯಂತ್ರವು ಈ ವಂಶದ್ದೇ. 1946ರಲ್ಲಿ ಇದನ್ನು ಯಾರೂ ವಾಗ್ದಾನ ಮಾಡಲು ಶಕ್ಯವಿರಲಿಲ್ಲ.

ನಮ್ಮ ದೇಶದಲ್ಲಿ ಸಂಶೋಧನೆಗೆ ಹಣವೊದಗಿಸಲು ಕಾಲಕಾಲಕ್ಕೆ ಹಲವು ಸಂಸ್ಥೆಗಳು ಏರ್ಪಟ್ಟವು. 1942ರಲ್ಲಿ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಪರಿಷತ್ತು, ಅಂದರೆ ಸಿ.ಎಸ್.ಐ.ಆರ್.; 1953ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ; 1971ರಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ. 2008ರ ಕಾಯಿದೆಯಿಂದ ಜನಿಸಿದ ವಿಜ್ಞಾನ ಮತ್ತು ಇಂಜಿನಿಯರಿಂಗ್ ಸಂಶೋಧನಾ ಮಂಡಳಿಯು, 2023ರ ಕಾಯಿದೆಯ ಮೂಲಕ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ವಿಲೀನವಾಯಿತು. ಈ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳನ್ನು ಕೂಡಿಸುವ ಯೋಜನೆಯಿದ್ದು, ಅದರಲ್ಲಿ 14,000 ಕೋಟಿಯನ್ನು ಕೇಂದ್ರ ಸರಕಾರವು ಕೊಡುವುದೆಂದೂ, ಉಳಿದುದು ಬಹುಮಟ್ಟಿಗೆ ಉದ್ಯಮಗಳಿಂದಲೂ ದಾನಿಗಳಿಂದಲೂ ಬರಬೇಕೆಂದೂ ಎಣಿಸಲಾಗಿತ್ತು.

ಇನ್ನು ಹಣವು ಪ್ರಯೋಗಶಾಲೆಯನ್ನು ಮುಟ್ಟುವ ಬಗೆಯನ್ನು ನೋಡೋಣ. ಸಂಸ್ಥೆಯು ಅರ್ಜಿಗಳನ್ನು ಆಹ್ವಾನಿಸುತ್ತದೆ. ಅಧ್ಯಾಪಕನು ತನ್ನ ಪ್ರಶ್ನೆ ಯಾವುದು, ಈವರೆಗೆ ಅದರ ಬಗೆಗೆ ತಿಳಿದಿರುವುದೆಷ್ಟು, ಯಾವ ವಿಧಾನವನ್ನು ಅನುಸರಿಸಲಾಗುವುದು ಎಂಬುದನ್ನು ಬರೆಯುತ್ತಾನೆ. ಉಪಕರಣ, ರಾಸಾಯನಿಕ, ಪ್ರವಾಸ, ಸಹಾಯಕರ ವೇತನ ಇವುಗಳ ಅಂದಾಜನ್ನೂ ಸೇರಿಸುತ್ತಾನೆ. ಆ ವಿಷಯವನ್ನು ಬಲ್ಲ ಇತರ ವಿಜ್ಞಾನಿಗಳು ಅದನ್ನು ಓದಿ ಅಭಿಪ್ರಾಯ ಕೊಡುತ್ತಾರೆ. ತಜ್ಞರ ಸಮಿತಿಯು ಎಲ್ಲ ಅರ್ಜಿಗಳನ್ನೂ ತೂಗಿನೋಡುತ್ತದೆ. ಮಂಜೂರಾದ ಹಣವು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಗೆ, ಕಂತುಗಳಲ್ಲಿ, ವ್ಯಕ್ತಿಗಲ್ಲದೆ ಅವನ ಸಂಸ್ಥೆಗೆ ಬರುತ್ತದೆ. ಪ್ರಗತಿಯ ವರದಿಯನ್ನೂ ಹಣ ಬಳಕೆಯ ಪ್ರಮಾಣಪತ್ರವನ್ನೂ ಒಪ್ಪಿಸಿದ ಮೇಲೆಯೇ ಮುಂದಿನ ಕಂತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸರಕಾರವು ಖರ್ಚಿನ ಲೆಕ್ಕವನ್ನು ಕೇಳುತ್ತದೆ. ಉತ್ತರ ಇಂಥದೇ ಆಗಿರಬೇಕೆಂದು ಕೇಳುವುದಿಲ್ಲ. ಊಹೆಯು ಸುಳ್ಳಾದರೂ, ಪ್ರಯೋಗವು ಪ್ರಾಮಾಣಿಕವಾಗಿದ್ದರೆ ಹಣ ವ್ಯರ್ಥವಾಯಿತೆನ್ನಲಾಗದು. ಆದರೆ ಈ ಪದ್ಧತಿಯು ದೋಷರಹಿತವೂ ಅಲ್ಲ. ಪರಿಚಿತ ಮಾರ್ಗದಲ್ಲಿ ನಡೆವವನ ಅರ್ಜಿ ತಜ್ಞರಿಗೆ ಬೇಗನೆ ಒಪ್ಪಿಗೆಯಾಗುತ್ತದೆ. ತೀರ ಹೊಸದಾದ ಪ್ರಶ್ನೆಗೆ ಸಂಶಯವೇ ಮೊದಲ ಸ್ವಾಗತ. ಕಂತು ತಡವಾದರೆ ಸಹಾಯಕನ ವೇತನವೂ ತಡವಾಗುತ್ತದೆ.

ಹಂಚಿಕೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. 2020-21ರಲ್ಲಿ ಭಾರತವು ಎಲ್ಲ ಬಗೆಯ ಸಂಶೋಧನೆಗೆ ವೆಚ್ಚಮಾಡಿದುದು ರಾಷ್ಟ್ರೀಯ ಉತ್ಪನ್ನದ ಶೇಕಡಾ 0.64 ಮಾತ್ರ. ಈ ಕಿರಿದಾದ ಮೊತ್ತದಲ್ಲಿಯೂ ಹೆಚ್ಚಿನ ಪಾಲು ಕೆಲವೇ ಕೇಂದ್ರೀಯ ಸಂಸ್ಥೆಗಳಿಗೆ ಸಲ್ಲುತ್ತದೆ. ದೇಶದ ಬಹುಪಾಲು ವಿದ್ಯಾರ್ಥಿಗಳು ಓದುವುದಾದರೋ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಮತ್ತು ಅವುಗಳ ಕಾಲೇಜುಗಳಲ್ಲಿ. ಧಾರವಾಡದಲ್ಲಿ ಎರಡು ಬಗೆಯ ಸಂಸ್ಥೆಗಳೂ ನೆರೆಹೊರೆಯಲ್ಲಿವೆ: ಒಂದು ರಾಜ್ಯದ ವಿಶ್ವವಿದ್ಯಾಲಯ, ಇನ್ನೊಂದು 2016ರಲ್ಲಿ ಆರಂಭವಾದ ಕೇಂದ್ರದ ಐ.ಐ.ಟಿ. ಮುಂದುವರಿದ ಸಂಸ್ಥೆಯೊಂದನ್ನು ನಡುಗುಂಬವಾಗಿಸಿ, ಇತರ ವಿದ್ಯಾಪೀಠಗಳನ್ನು ಚಕ್ರದ ಅರೆಕಾಲುಗಳಂತೆ ಅದಕ್ಕೆ ಜೋಡಿಸುವ ಯೋಜನೆಯೊಂದನ್ನು ಹೊಸ ಪ್ರತಿಷ್ಠಾನವು ಕೈಗೊಂಡಿದೆ. ಉಪಕರಣಗಳನ್ನು ಹಂಚಿಕೊಳ್ಳುವುದೂ ಒಂದು ಪರಿಹಾರ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ನಡೆಯುವ ‘ಸೈಫ್’ ಎಂಬ ಉಪಕರಣ ಕೇಂದ್ರಕ್ಕೆ ಹೊರಗಿನ ಕಾಲೇಜುಗಳವರೂ ಶುಲ್ಕ ತೆತ್ತು ತಮ್ಮ ಮಾದರಿಗಳನ್ನು ಕಳುಹಿಸಬಹುದು.

ಕೊನೆಯದಾಗಿ, ಈ ಹಣವು ಕೊಳ್ಳುವ ಅತ್ಯಂತ ಬೆಲೆಯುಳ್ಳ ವಸ್ತು ಯಂತ್ರವಲ್ಲ, ತರುಣನ ಅಥವಾ ತರುಣಿಯ ಕೆಲವು ವರ್ಷಗಳು. ಎಂ.ಎಸ್‌ಸಿ. ಓದಿ, ಸಿ.ಎಸ್.ಐ.ಆರ್.–ಯು.ಜಿ.ಸಿ. ‘ನೆಟ್’ ಪರೀಕ್ಷೆಯಲ್ಲಿ ಕಿರಿಯ ಸಂಶೋಧಕರಾಗಿ ಆಯ್ಕೆಯಾದವರಿಗೆ, 2023ರ ಜನವರಿಯಿಂದ ಅನ್ವಯವಾದ ದರದಂತೆ, ತಿಂಗಳಿಗೆ 37,000 ರೂಪಾಯಿ ಸಲ್ಲುತ್ತದೆ. ಹಾವೇರಿಯ ಅಥವಾ ಗದಗಿನ ಹಳ್ಳಿಯಿಂದ ಬಂದವರು ಮನೆಯವರಿಗೆ ಭಾರವಾಗದೆ ಪ್ರಶ್ನೆಯೊಂದರ ಬೆನ್ನು ಹತ್ತಲು ಇದರಿಂದ ಸಾಧ್ಯವಾಗುತ್ತದೆ. ಆ ಪ್ರಶ್ನೆಯ ಫಲವನ್ನು ಯಾರು, ಎಂದು ಉಣ್ಣುವರೆಂಬುದನ್ನು ಹಣ ತೆತ್ತ ನಾಗರಿಕನೂ ಅರಿಯನು, ದುಡಿದ ವಿದ್ಯಾರ್ಥಿಯೂ ಅರಿಯನು. ಅರಿಯದೆಯೂ ಹಣ ಕೊಡಲು ಒಪ್ಪುವಷ್ಟು ತಾಳ್ಮೆಯುಳ್ಳ ಸಮಾಜದಲ್ಲಿ ಮಾತ್ರ ಮೂಲಭೂತ ವಿಜ್ಞಾನವು ಬೇರುಬಿಡುತ್ತದೆ.