ಗಾಡಿ ಚಕ್ರದ ಕಾಲು ಸಡಿಲವಾದರೆ

ಎತ್ತಿನ ಗಾಡಿಯ ಮರದ ಚಕ್ರದಲ್ಲಿ ನಾಲ್ಕು ಭಾಗಗಳಿವೆ: ನಡುವಿನ ಗುಂಬ, ಗುಂಬದಿಂದ ಹೊರಟ ಕಾಲುಗಳು (ಅರಗಳು), ಕಾಲುಗಳ ತುದಿಯನ್ನು ಹಿಡಿದಿರುವ ಬಾಗುಮರದ ತುಂಡುಗಳು ಮತ್ತು ಎಲ್ಲವನ್ನೂ ಬಿಗಿದಿರುವ ಕಬ್ಬಿಣದ ಹಳಿ. ಬೇಸಿಗೆಯಲ್ಲಿ ಚಕ್ರ ಕಟಕಟ ಸದ್ದು ಮಾಡತೊಡಗಿದರೆ ಕಾಲು ಸಡಿಲವಾಗಿರುವ ಸಂಭವ ಹೆಚ್ಚು. ಇದನ್ನು ಕಡೆಗಣಿಸಿ ಹೇರು ಹೊರಿಸಿದರೆ ಇಳಿಜಾರಿನಲ್ಲಿ ಚಕ್ರ ಮುರಿದು ಗಾಡಿ ಮಗುಚಬಹುದು. ಎತ್ತಿಗೂ ಆಳಿಗೂ ಅಪಾಯ.

ಕಾರಣವೇನು?

ಮರ ಒಣಗಿದಾಗ ಅಡ್ಡಗಲದಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಕುಗ್ಗುವುದು ಅತ್ಯಲ್ಪ. ಆದ್ದರಿಂದ ಗುಂಬದ ತೂತಿನಲ್ಲಿ ಕೂತ ಕಾಲಿನ ಬುಡ ತೆಳುವಾಗುತ್ತದೆ. ಬಾಗುಮರವೂ ಕುಗ್ಗಿ ಹಳಿ ಸಡಿಲವಾಗುತ್ತದೆ. ಹಸಿ ಮರದಿಂದ ಮಾಡಿದ ಚಕ್ರದಲ್ಲಿ ಈ ದೋಷ ಬೇಗ ಕಾಣಿಸುತ್ತದೆ.

ನೀರಿನಲ್ಲಿ ನೆನೆಸಿದರೆ ಸಾಲದು

ಹಲವರು ಚಕ್ರವನ್ನು ಕೆರೆಯಲ್ಲಿ ನೆನೆಹಾಕುತ್ತಾರೆ. ಮರ ಉಬ್ಬಿ ಚಕ್ರ ಬಿಗಿಯಾಗುವುದು ನಿಜ. ಆದರೆ ಹಳಿಯೊಳಗೆ ಉಬ್ಬಲು ಜಾಗವಿಲ್ಲದೆ ಮರದ ನಾರು ಜಜ್ಜಿಹೋಗುತ್ತದೆ. ಮತ್ತೆ ಒಣಗಿದಾಗ ಮರ ಮೊದಲಿಗಿಂತ ಹೆಚ್ಚು ಕುಗ್ಗಿರುತ್ತದೆ. ದಾರಿಯಲ್ಲಿ ತೊಂದರೆಯಾದಾಗ ಮನೆ ಸೇರಲು ಮಾತ್ರ ಈ ಉಪಾಯ ಸಾಕು. ಗುಂಬಕ್ಕೆ ಮೊಳೆ ಹೊಡೆಯಲೇಬಾರದು, ಗುಂಬ ಸೀಳುತ್ತದೆ.

ಪರೀಕ್ಷೆ

ಗಾಡಿಗೆ ಭದ್ರವಾದ ಆಸರೆ ಕೊಟ್ಟು ಚಕ್ರವನ್ನು ನೆಲದಿಂದ ಎತ್ತಬೇಕು. ಒಂದೊಂದೇ ಕಾಲನ್ನು ಹಿಡಿದು ಅಲುಗಿಸಿ, ಸಡಿಲವಾದುದಕ್ಕೆ ಸುಣ್ಣದ ಗುರುತು ಹಾಕಬೇಕು. ಅಲುಗುವುದು ಗುಂಬದ ಕಡೆಯೋ ಬಾಗುಮರದ ಕಡೆಯೋ ಎಂದು ನೋಡಬೇಕು. ಬಾಗುಮರದ ತುಂಡುಗಳ ನಡುವಿನ ಸಂದನ್ನೂ ಪರೀಕ್ಷಿಸಬೇಕು.

ದುರಸ್ತಿ

1. ಹಳಿ ಬಿಚ್ಚಿದ ಮೇಲೆ, ಬಾಗುಮರದ ಕಡೆ ಸಡಿಲವಿದ್ದ ಕಾಲಿನ ತುದಿಯನ್ನು ಸೀಳಿ ಒಣಗಿದ ಗಟ್ಟಿ ಮರದ ಬೆಣೆ ಹೊಡೆಯಬೇಕು.

2. ಗುಂಬದ ಕಡೆ ಸಡಿಲವಿದ್ದರೆ ಕಾಲನ್ನು ಹೊರತೆಗೆದು, ಬುಡಕ್ಕೆ ತೆಳುವಾದ ಮರದ ಪಟ್ಟಿ ಸೇರಿಸಿ ಬಿಗಿಯಾಗಿ ಕೂಡಿಸಬೇಕು. ಬುಡ ಕೊಳೆತಿದ್ದರೆ ಹೊಸ ಕಾಲೇ ಬೇಕು. ಇದಕ್ಕೆ ಚೆನ್ನಾಗಿ ಒಣಗಿದ ಕರಿಜಾಲಿ ಉತ್ತಮ.

3. ಬಾಗುಮರದ ತುಂಡುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಹಳಿಯ ಬಿಗಿ ಕಾಲಿಗೆ ತಲಪುವುದಿಲ್ಲ. ಒಂದೆರಡು ಸಂದುಗಳಲ್ಲಿ ಗರಗಸ ಆಡಿಸಿ ಸ್ವಲ್ಪ ತೆರವು ಮಾಡಬೇಕು. ಹಲವರು ಮರೆಯುವ ಕೆಲಸವಿದು.

4. ಬಳಿಕ ಕಮ್ಮಾರರಿಂದ ಹಳಿಯನ್ನು ಕತ್ತರಿಸಿ, ಕಿರಿದುಗೊಳಿಸಿ, ಬೆಸೆಸಬೇಕು. 1.5 ಮೀಟರ್ ಅಡ್ಡಳತೆಯ ಚಕ್ರದ ಸುತ್ತಳತೆ ಸುಮಾರು 4.7 ಮೀಟರ್. ಅಷ್ಟು ಉದ್ದದ ಹಳಿಯ ಶಾಖ 500 ಡಿಗ್ರಿ ಸೆಂಟಿಗ್ರೇಡ್ ಏರಿದರೆ ಅದು ಸುಮಾರು 3 ಸೆಂ.ಮೀ. ಹಿಗ್ಗುತ್ತದೆ. ಹಳಿ ಚಕ್ರಕ್ಕಿಂತ ಕಿರಿದಾಗಿರಬೇಕು. ಆದರೆ ಈ ಹಿಗ್ಗಿನ ಮಿತಿಯೊಳಗೇ ಇರಬೇಕು. ಅತಿಯಾಗಿ ಕಿರಿದಾದರೆ ಕಾಲುಗಳು ಬಾಗುತ್ತವೆ.

5. ಬೆರಣಿಯ ಬೆಂಕಿಯಲ್ಲಿ ಹಳಿಯನ್ನು ಸುತ್ತಲೂ ಸಮನಾಗಿ ಕಾಯಿಸಿ, ಇಕ್ಕಳದಿಂದ ಹಿಡಿದು ಚಕ್ರಕ್ಕೆ ತೊಡಿಸಿ, ಕೂಡಲೇ ನೀರು ಸುರಿಯಬೇಕು. ಮಕ್ಕಳನ್ನು ದೂರವಿಡಬೇಕು.

ಯಾವಾಗ ಮಾಡಿಸಬೇಕು?

ಮರ ಪೂರ್ತಿ ಒಣಗಿರುವ ಕಡುಬೇಸಿಗೆಯೇ ತಕ್ಕ ಕಾಲ. ಆಗ ಕಟ್ಟಿದ ಹಳಿ ಮಳೆಗಾಲದಲ್ಲಿ ಇನ್ನೂ ಬಿಗಿಯುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿದ್ದಾಗ ಕಟ್ಟಿದ್ದು ಬೇಸಿಗೆಗೆ ಮತ್ತೆ ಸಡಿಲವಾಗುತ್ತದೆ. ದುರಸ್ತಿಯಾದ ಚಕ್ರದ ಮರಕ್ಕೆ ಅಗಸೆ ಎಣ್ಣೆ ಹಚ್ಚಿ, ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸುವುದು ಒಳ್ಳೆಯದು. ಮುಂಗಾರಿಗೆ ಮುನ್ನ ಒಂದು ದಿನ ಚಕ್ರ ಪರೀಕ್ಷಿಸಿದ ರೈತ, ಸುಗ್ಗಿಯ ಹೇರನ್ನು ನಿಶ್ಚಿಂತೆಯಿಂದ ಮನೆಗೆ ತರಬಹುದು.