ಹೊಸ ಊರಿನಲ್ಲಿ ಮಕ್ಕಳಿಗೊಂದು ಕಾಲ್ಚೆಂಡಿನ ಸಂಘ

ಹುಟ್ಟಿದೂರನ್ನು ಬಿಟ್ಟು ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಹೋದ ಮನುಷ್ಯನು, ತಲೆಯ ಮೇಲೊಂದು ಸೂರು ದೊರೆತ ಬಳಿಕ ಹುಡುಕುವುದು ತನ್ನವರನ್ನು. ಮುಂಬಯಿಯ ಕನ್ನಡಿಗರಾದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕರಾವಳಿಯಿಂದಲೂ ಬಯಲುಸೀಮೆಯಿಂದಲೂ ಇಲ್ಲಿಗೆ ಬಂದ ನಮ್ಮ ಹಿರಿಯರು ದುಡಿಮೆಯ ನಡುವೆಯೇ ಸಂಘಗಳನ್ನು ಕಟ್ಟಿದರು, ರಾತ್ರಿಶಾಲೆಗಳನ್ನು ತೆರೆದರು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಷ್ಟು ಹಿಂದೆಯೇ ಜನ್ಮ ತಾಳಿತು. ಇಂದು ಅದೇ ಮನೆತನಗಳ ಮಕ್ಕಳು ವಿದ್ಯಾವಂತರಾಗಿ ಇನ್ನೂ ದೂರಕ್ಕೆ, ಸಮುದ್ರದಾಚೆಯ ಅಮೆರಿಕೆಗೆ ಹೋಗಿ ನೆಲಸುತ್ತಿದ್ದಾರೆ. ನ್ಯೂಜೆರ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಾ ಮುಂತಾದ ರಾಜ್ಯಗಳಲ್ಲಿ ದೊಡ್ಡವರಿಗೆ ಕನ್ನಡ ಕೂಟಗಳುಂಟು. ಆದರೆ ಶಾಲೆ, ಗೆಳೆಯರು, ಅಜ್ಜ ಅಜ್ಜಿ ಎಲ್ಲವನ್ನೂ ಒಮ್ಮೆಗೇ ಬಿಟ್ಟುಬಂದ ಹನ್ನೊಂದು ವರ್ಷದ ಬಾಲಕನಿಗೆ ಅಥವಾ ಬಾಲಕಿಗೆ ಸಂಘವೆಲ್ಲಿ? ಅದು ಅನೇಕ ವೇಳೆ ದೊರೆಯುವುದು ಆಟದ ಬಯಲಿನಲ್ಲಿ. ಆದುದರಿಂದ ಆ ದೇಶದಲ್ಲಿ ಮಕ್ಕಳ ಕಾಲ್ಚೆಂಡಿನ ಸಂಘಗಳು ಹೇಗೆ ನಡೆಯುತ್ತವೆ, ಹೊಸದಾಗಿ ಬಂದ ಕುಟುಂಬವು ಅವುಗಳಲ್ಲೊಂದನ್ನು ಹೇಗೆ ಆರಿಸಿಕೊಳ್ಳಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲು ಹೆಸರಿನ ವಿಷಯ. ನಾವು ಫುಟ್‌ಬಾಲ್ ಎಂದು ಕರೆಯುವ ಆಟವನ್ನು ಅಮೆರಿಕದವರು ಸಾಕರ್ ಎನ್ನುತ್ತಾರೆ. ಅವರ ಫುಟ್‌ಬಾಲ್ ಎಂಬುದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೊಂದು ಆಟ. ಸಾಕರ್ ಎಂಬ ಪದವು ಅಮೆರಿಕದಲ್ಲಿ ಹುಟ್ಟಿದುದಲ್ಲ. 1863ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ಫುಟ್‌ಬಾಲ್ ಅಸೋಸಿಯೇಷನ್ ಈ ಆಟಕ್ಕೆ ನಿಯಮಗಳನ್ನು ಬರೆಯಿತು. ಆ ನಿಯಮಗಳ ಆಟಕ್ಕೆ ಅಸೋಸಿಯೇಷನ್ ಫುಟ್‌ಬಾಲ್ ಎಂದು ಹೆಸರಾಯಿತು. ಅಲ್ಲಿಯ ವಿದ್ಯಾರ್ಥಿಗಳು ಆ ಉದ್ದ ಹೆಸರನ್ನು ಮೊಟಕುಗೊಳಿಸಿ ಸಾಕರ್ ಎಂದರು. ಎಂದರೆ ಈ ಆಟದ ಹೆಸರಿನೊಳಗೇ ‘ಸಂಘ’ ಎಂಬ ಅರ್ಥವು ಅಡಗಿದೆ! ಕನ್ನಡ ನಾಡಿಗೂ ಈ ಆಟ ಹೊಸದಲ್ಲ. ನಮ್ಮ ಮುಂಬಯಿಯ ಪ್ರಸಿದ್ಧ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದುದು ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ. ಮುಂದಿನ ವರ್ಷವೂ ಆ ಕಪ್ಪು ಅದಕ್ಕೇ ಒಲಿಯಿತು.

ಅಮೆರಿಕದಲ್ಲಿ ಚಿಕ್ಕ ಮಕ್ಕಳ ಪಂದ್ಯಗಳು ನಮ್ಮಲ್ಲಿಯಂತೆ ಮುಖ್ಯವಾಗಿ ಶಾಲೆಗಳ ಆಶ್ರಯದಲ್ಲಿ ನಡೆಯುವುದಿಲ್ಲ. ಅವನ್ನು ನಡೆಯಿಸುವುವು ಊರೂರಿನ ಕ್ಲಬ್ಬುಗಳು. ಇವುಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಒಂದು, ವಿನೋದಕ್ಕಾಗಿ ಆಡುವ ತಂಡಗಳದು. ಇಲ್ಲಿ ಹೆಸರು ಕೊಟ್ಟ ಮಕ್ಕಳೆಲ್ಲರಿಗೂ ಪ್ರವೇಶವುಂಟು. ತರಬೇತಿ ಕೊಡುವವರು ಹೆಚ್ಚಾಗಿ ಆ ಮಕ್ಕಳ ತಂದೆತಾಯಿಗಳೇ. 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಷನ್ ಎಂಬ ಸಂಸ್ಥೆಯು ಈ ಬಗೆಗೆ ಒಳ್ಳೆಯ ಉದಾಹರಣೆ. ಬಂದ ಪ್ರತಿಯೊಂದು ಮಗುವೂ ಪ್ರತಿ ಪಂದ್ಯದಲ್ಲಿ ಅರ್ಧದಷ್ಟು ಹೊತ್ತಾದರೂ ಆಡಲೇಬೇಕೆಂಬುದು ಅದರ ಮೂಲತತ್ತ್ವ.

ಎರಡನೆಯದು ಟ್ರಾವೆಲ್ ಕ್ಲಬ್, ಎಂದರೆ ಪರವೂರುಗಳಿಗೆ ಪ್ರಯಾಣ ಮಾಡಿ ಪಂದ್ಯವಾಡುವ ಸಂಘ. ಇಲ್ಲಿ ಪ್ರವೇಶಕ್ಕೆ ಆಯ್ಕೆ ಪರೀಕ್ಷೆಯುಂಟು. ತರಬೇತುದಾರರಿಗೆ ಸಂಬಳವುಂಟು. ವಾರದಲ್ಲಿ ಎರಡು ಮೂರು ಸಂಜೆ ಅಭ್ಯಾಸ, ಶನಿವಾರ ಭಾನುವಾರಗಳಲ್ಲಿ ಪಂದ್ಯ. ವರ್ಷದಲ್ಲಿ ಕೆಲವು ಸಲ ದೂರದ ಊರಿನ ಪಂದ್ಯಾವಳಿಗೆ ಹೋಗಿ ಹೋಟೆಲಿನಲ್ಲಿ ತಂಗಬೇಕಾದೀತು. ಇಂಥ ಸಂಘಗಳು 1974ರಲ್ಲಿ ಹುಟ್ಟಿದ ಯು.ಎಸ್. ಯೂತ್ ಸಾಕರ್, 2001ರಲ್ಲಿ ಹುಟ್ಟಿದ ಯು.ಎಸ್. ಕ್ಲಬ್ ಸಾಕರ್ ಮೊದಲಾದ ಸಂಸ್ಥೆಗಳಿಗೆ ಸೇರಿರುತ್ತವೆ. ಇವೆಲ್ಲಕ್ಕೂ ಮೇಲೆ 1913ರಲ್ಲಿ ಸ್ಥಾಪಿತವಾದ ಆ ದೇಶದ ಸಾಕರ್ ಫೆಡರೇಷನ್ ಇದೆ.

ಹೊಸ ಊರಿಗೆ ಬಂದ ತಂದೆತಾಯಿಗಳು ಈ ಎರಡನೆಯ ಬಗೆಯ ಸಂಘಗಳನ್ನು ಕಂಡು ಬೆರಗಾಗುವುದು ಸಹಜ. ಒಂದೇ ಪ್ರದೇಶದಲ್ಲಿ ನಾಲ್ಕಾರು ಸಂಘಗಳು. ಪ್ರತಿಯೊಂದೂ ತಾನು ಗೆದ್ದ ಕಪ್ಪುಗಳ ಪಟ್ಟಿಯನ್ನು ಮುಂದಿಡುತ್ತದೆ. ತನ್ನ ತಂಡಗಳಿಗೆ ಎಲೀಟ್, ಪ್ರೀಮಿಯರ್, ಅಕಾಡೆಮಿ ಎಂಬ ಘನವಾದ ಹೆಸರುಗಳನ್ನಿಡುತ್ತದೆ. ಈ ಹೆಸರುಗಳಿಗೆ ದೇಶಕ್ಕೆಲ್ಲ ಒಪ್ಪಿಗೆಯಾದ ಒಂದೇ ಅಳತೆಯಿಲ್ಲ. ಒಂದು ಸಂಘದ ಪ್ರೀಮಿಯರ್ ತಂಡವು ಇನ್ನೊಂದು ಸಂಘದ ಮೂರನೆಯ ತಂಡಕ್ಕೆ ಸಮನಾಗಿರಬಹುದು. ಹೀಗಿರಲು ಹೆಸರನ್ನೂ ಕಪ್ಪನ್ನೂ ನಂಬಿ ಹೋಗುವುದಕ್ಕಿಂತ, ಮಗುವು ಆ ಸಂಘದಲ್ಲಿ ಕಳೆಯುವ ಸಾಧಾರಣವಾದ ಒಂದು ವಾರ ಹೇಗಿರುತ್ತದೆ ಎಂದು ವಿಚಾರಿಸುವುದೇ ವಿವೇಕದ ಮಾರ್ಗ. ನಾವು ಹೇಳಬೇಕೆಂದಿರುವ ಮುಖ್ಯ ಮಾತೂ ಇದೇ. ಅದನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು ದೂರ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಇಲ್ಲಿ ಮರೆಯಲಾಗದು. ಹೆಸರುವಾಸಿಯಾದ ಸಂಘವು ಮನೆಯಿಂದ ಮೋಟಾರಿನಲ್ಲಿ 45 ನಿಮಿಷದ ಹಾದಿಯಲ್ಲಿದೆಯೆಂದೂ ಊರಿನ ಸಂಘವು 10 ನಿಮಿಷದ ಹಾದಿಯಲ್ಲಿದೆಯೆಂದೂ ಇಟ್ಟುಕೊಳ್ಳೋಣ. ವಾರಕ್ಕೆ ಮೂರು ಸಲ ಹೋಗಿಬರಲು ಮೊದಲನೆಯದಕ್ಕೆ ನಾಲ್ಕೂವರೆ ಗಂಟೆ, ಎರಡನೆಯದಕ್ಕೆ ಒಂದು ಗಂಟೆ. ವರ್ಷಕ್ಕೆ 40 ವಾರ ಎಂದರೆ ಮೊದಲನೆಯದಕ್ಕೆ 180 ಗಂಟೆ, ಎರಡನೆಯದಕ್ಕೆ 40 ಗಂಟೆ. ಮಿಕ್ಕ 140 ಗಂಟೆಗಳು ಮಗುವಿನ ಓದಿನಿಂದಲೋ ನಿದ್ದೆಯಿಂದಲೋ ಮನೆಯವರೊಡನೆ ಉಣ್ಣುವ ಊಟದಿಂದಲೋ ಕಳೆದುಹೋಗಬೇಕಷ್ಟೆ! ಇನ್ನೂ ಒಂದು ಸಂಗತಿಯುಂಟು. ಹತ್ತಿರದ ಸಂಘದಲ್ಲಿ ಜೊತೆಗೆ ಆಡಿದ ಹುಡುಗನೇ ಮರುದಿನ ಶಾಲೆಯಲ್ಲಿ ಪಕ್ಕದ ಬೆಂಚಿನಲ್ಲಿ ಸಿಕ್ಕಬಹುದು. ಹೊಸ ಊರಿನಲ್ಲಿ ಒಂಟಿಯಾಗಿರುವ ಮಗುವಿಗೆ ಇದು ಯಾವ ಕಪ್ಪಿಗಿಂತಲೂ ದೊಡ್ಡ ಲಾಭ.

ಎರಡನೆಯದು ಆಡಲು ದೊರೆಯುವ ಹೊತ್ತು. ಅಮೆರಿಕದಲ್ಲಿ ವಯಸ್ಸಿಗೆ ತಕ್ಕಂತೆ ತಂಡದ ಗಾತ್ರವು ಬೇರೆಯಾಗುತ್ತದೆ. 2017ರಲ್ಲಿ ಕಡ್ಡಾಯವಾದ ನಿಯಮದಂತೆ ಎಂಟು ವರ್ಷದವರೆಗಿನ ಮಕ್ಕಳು ಒಂದೊಂದು ಪಕ್ಷದಲ್ಲಿ 4 ಮಂದಿ, ಹತ್ತು ವರ್ಷದವರೆಗೆ 7 ಮಂದಿ, ಹನ್ನೆರಡು ವರ್ಷದವರೆಗೆ 9 ಮಂದಿ, ಆ ಬಳಿಕ ದೊಡ್ಡವರಂತೆ 11 ಮಂದಿ ಆಡುತ್ತಾರೆ. ಬಯಲಿನಲ್ಲಿ ಮಂದಿ ಕಡಮೆಯಾದಷ್ಟೂ ಪ್ರತಿಯೊಂದು ಮಗುವಿನ ಕಾಲಿಗೆ ಚೆಂಡು ಹೆಚ್ಚು ಸಲ ಸಿಕ್ಕುತ್ತದೆ. ಕಲಿಕೆಗೆ ಅದೇ ಮೂಲ. ಈಗ ಲೆಕ್ಕ ನೋಡಿ. ಹನ್ನೊಂದು, ಹನ್ನೆರಡು ವರ್ಷದವರ ಪಂದ್ಯವು ಸಾಮಾನ್ಯವಾಗಿ 60 ನಿಮಿಷ. ಒಂಬತ್ತು ಮಂದಿಯ ಒಟ್ಟು ಆಟ 540 ನಿಮಿಷಗಳಾಯಿತು. ತಂಡದ ಪಟ್ಟಿಯಲ್ಲಿ 12 ಮಕ್ಕಳಿದ್ದರೆ ಸಮನಾಗಿ ಹಂಚಿದಾಗ ಒಬ್ಬೊಬ್ಬರಿಗೆ 45 ನಿಮಿಷ. 16 ಮಕ್ಕಳಿದ್ದರೆ ಸುಮಾರು 34 ನಿಮಿಷ. ಸಮನಾಗಿ ಹಂಚದ ತರಬೇತುದಾರನಾದರೆ ಕಡೆಯ ಮಗುವಿಗೆ ಹತ್ತೇ ನಿಮಿಷ ದೊರೆತೀತು. ಆದುದರಿಂದ, ‘ನಿಮ್ಮ ತಂಡವು ಎಷ್ಟು ಪಂದ್ಯ ಗೆದ್ದಿದೆ?’ ಎಂದು ಕೇಳುವ ಮುಂಚೆ, ‘ಪಟ್ಟಿಯಲ್ಲಿ ಎಷ್ಟು ಮಕ್ಕಳಿದ್ದಾರೆ? ಕಡೆಯವನಿಗೆ ಎಷ್ಟು ಹೊತ್ತು ಆಟ ಕೊಡುತ್ತೀರಿ?’ ಎಂದು ಕೇಳತಕ್ಕದ್ದು. ಪ್ರಸಿದ್ಧ ತಂಡದ ಅಂಗಿ ತೊಟ್ಟು ಅಂಚಿನಲ್ಲಿ ಕುಳಿತಿರುವುದಕ್ಕಿಂತ ಸಾಮಾನ್ಯ ತಂಡದಲ್ಲಿ ಬೆವರು ಸುರಿಸಿ ಆಡುವುದು ಬೆಳೆಯುವ ಮಗುವಿಗೆ ಹಿತಕರ.

ಮೂರನೆಯದು ತರಬೇತುದಾರ. ಶಾಲೆಯನ್ನು ಆರಿಸುವವರು ಕಟ್ಟಡಕ್ಕಿಂತ ಉಪಾಧ್ಯಾಯರನ್ನು ನೋಡಬೇಕೆಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಇದಕ್ಕೆ ಪಂದ್ಯದ ದಿನವು ತಕ್ಕುದಲ್ಲ; ವಾರದ ನಡುವೆ ಒಂದು ಸಂಜೆ ಅಭ್ಯಾಸದ ಬಯಲಿನ ಬಳಿ ಸುಮ್ಮನೆ ನಿಂತು ನೋಡಬೇಕು. ಮಕ್ಕಳು ಸಾಲಾಗಿ ನಿಂತು ತಮ್ಮ ಸರದಿಗಾಗಿ ಕಾಯುವುದೇ ಹೆಚ್ಚೋ, ಚೆಂಡಿನೊಡನೆ ಓಡುವುದು ಹೆಚ್ಚೋ? ತಪ್ಪು ಮಾಡಿದ ಮಗುವನ್ನು ಆತನು ಗದರಿಸುವನೋ, ಬಳಿಗೆ ಕರೆದು ತೋರಿಸಿಕೊಡುವನೋ? ಎಲ್ಲರ ಹೆಸರೂ ಆತನಿಗೆ ಗೊತ್ತೋ? ಅಭ್ಯಾಸ ಮುಗಿದಾಗ ಮಕ್ಕಳು ನಗುನಗುತ್ತ ಮಾತಾಡಿಕೊಂಡು ಬರುವರೋ, ತಲೆ ತಗ್ಗಿಸಿ ಮೋಟಾರು ಹತ್ತುವರೋ? ಇಷ್ಟನ್ನು ಕಂಡವರಿಗೆ ಬೇರೆ ಸಾಕ್ಷಿ ಬೇಡ. ಬರುವ ವರ್ಷವೂ ಆತನೇ ಆ ತಂಡಕ್ಕೆ ಕಲಿಸುವನೇ ಎಂಬುದನ್ನೂ ಕೇಳಿ ತಿಳಿಯಬೇಕು; ಏಕೆಂದರೆ ತರಬೇತುದಾರರು ಸಂಘದಿಂದ ಸಂಘಕ್ಕೆ ಹೋಗುವುದು ಅಲ್ಲಿ ಸಾಮಾನ್ಯ.

ನಾಲ್ಕನೆಯದು ಮಗುವಿನ ಕ್ಷೇಮ. ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ತಲೆಯಿಂದ ಚೆಂಡನ್ನು ಹೊಡೆಯಕೂಡದೆಂದು ಅಲ್ಲಿಯ ಫೆಡರೇಷನ್ 2015ರಲ್ಲಿ ಘೋಷಿಸಿತು. ಹನ್ನೊಂದರಿಂದ ಹದಿಮೂರರವರೆಗಿನವರಿಗೆ ಅಭ್ಯಾಸದಲ್ಲಿ ಅದಕ್ಕೆ ಮಿತಿ ಹಾಕಿತು. ತಲೆಗೆ ಬೀಳುವ ಪೆಟ್ಟು ಎಳೆಯ ಮಿದುಳಿಗೆ ಅಪಾಯಕರವೆಂಬುದೇ ಇದಕ್ಕೆ ಕಾರಣ. ಅಲ್ಲದೆ 2018ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, ಮಕ್ಕಳ ಮೇಲೆ ದೌರ್ಜನ್ಯ ನಡೆದಿದೆಯೆಂಬ ಶಂಕೆ ಬಂದರೆ ಕ್ರೀಡಾಸಂಸ್ಥೆಗಳ ಹೊಣೆಗಾರ ವಯಸ್ಕರು 24 ಗಂಟೆಗಳೊಳಗೆ ಅದನ್ನು ಅಧಿಕಾರಿಗಳಿಗೆ ತಿಳಿಸಬೇಕು. ಈ ನಿಯಮಗಳನ್ನು ಹೇಗೆ ಪಾಲಿಸುತ್ತೀರೆಂದು ಕೇಳಿದಾಗ ಒಳ್ಳೆಯ ಸಂಘವು ಬೇಸರಪಡದೆ ಉತ್ತರ ಕೊಡುತ್ತದೆ. ಬೇಸರಪಡುವ ಸಂಘದಿಂದ ದೂರವಿರುವುದು ಲೇಸು.

ಐದನೆಯದು ವೆಚ್ಚ. ಟ್ರಾವೆಲ್ ಸಂಘಗಳ ವಾರ್ಷಿಕ ಶುಲ್ಕವು ಅನೇಕ ಕಡೆ ಸಾವಿರ ಡಾಲರುಗಳನ್ನು ಮೀರುತ್ತದೆ. ಕೆಲವೆಡೆ ಹಲವು ಸಾವಿರಕ್ಕೂ ಏರುತ್ತದೆ. ಸಮವಸ್ತ್ರ, ಪಂದ್ಯಾವಳಿಯ ವಂತಿಗೆ, ಪ್ರಯಾಣ, ಹೋಟೆಲು ಇವು ಬೇರೆ. ಒಪ್ಪಿಗೆ ಕೊಟ್ಟರೆಂದರೆ ಸಾಮಾನ್ಯವಾಗಿ ಇಡೀ ವರ್ಷಕ್ಕೆ ಕಟ್ಟುಬಿದ್ದಂತೆ. ನಡುವೆ ಬಿಟ್ಟರೆ ಹಣ ಹಿಂದಿರುಗದಿರಬಹುದು. ಹೊಸದಾಗಿ ಸಂಸಾರ ಹೂಡಿದವರು ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ಮೇಲು. ಎಲ್ಲ ಖರ್ಚುಗಳ ಪಟ್ಟಿಯನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಅನುಕೂಲವಿಲ್ಲದವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುವ ಸಂಘಗಳೂ ಇವೆ. ಅದನ್ನು ವಿಚಾರಿಸಲು ಸಂಕೋಚ ಬೇಡ.

ಇನ್ನು ಕಾಲ ಮತ್ತು ಕಾಗದಪತ್ರಗಳ ಮಾತು. ಆಯ್ಕೆ ಪರೀಕ್ಷೆಗಳು ಹಲವು ಕಡೆ ಮೇ, ಜೂನ್ ತಿಂಗಳುಗಳ ಸುಮಾರಿಗೆ ಮುಗಿದುಹೋಗುತ್ತವೆ. ಬೇಸಗೆಯ ರಜೆಯಲ್ಲಿ ಮನೆ ಬದಲಾಯಿಸಿದ ಕುಟುಂಬವು ಬರುವ ವೇಳೆಗೆ ತಂಡಗಳು ಕಟ್ಟಿಯಾಗಿರುತ್ತವೆ. ಆದರೂ ನಿರಾಶರಾಗಬೇಕಾದುದಿಲ್ಲ. ತಂಡದಲ್ಲಿ ಸ್ಥಳವಿದ್ದರೆ ಒಂದೆರಡು ಅಭ್ಯಾಸಗಳಿಗೆ ಮಗುವನ್ನು ಕರೆಸಿ ನೋಡುವ ಪದ್ಧತಿಯುಂಟು. ಪತ್ರ ಬರೆದು ಕೇಳಬೇಕು. ಸ್ಥಳವಿಲ್ಲದಿದ್ದರೆ ಮೊದಲ ಬಗೆಯ ವಿನೋದದ ತಂಡದಲ್ಲಿ ಒಂದು ಹಂಗಾಮು ಆಡುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಊರಿನ ಪರಿಚಯವೂ ಆಯಿತು, ಉಳಿದ ಸಂಘಗಳನ್ನು ನಿಧಾನವಾಗಿ ನೋಡಲು ಅವಕಾಶವೂ ಆಯಿತು. ವಯಸ್ಸನ್ನು ರುಜುಪಡಿಸಲು ಜನನಪತ್ರವನ್ನಾಗಲಿ ಪಾಸ್‌ಪೋರ್ಟನ್ನಾಗಲಿ ಕೈಯಲ್ಲಿಟ್ಟುಕೊಂಡಿರಬೇಕು. 2017ರಲ್ಲಿ ಕಡ್ಡಾಯವಾದಂತೆ ಮಕ್ಕಳನ್ನು ಹುಟ್ಟಿದ ವರ್ಷದ ಪ್ರಕಾರ, ಎಂದರೆ ಜನವರಿ 1ರಿಂದ ಲೆಕ್ಕ ಹಿಡಿದು, ವಿಂಗಡಿಸುವ ಪದ್ಧತಿ ನಡೆಯಿತು. 2026-27ರ ಹಂಗಾಮಿನಿಂದ ಶಾಲೆಯ ವರ್ಷಕ್ಕೆ ಹೊಂದುವಂತೆ ಆಗಸ್ಟ್ 1ರಿಂದ ಲೆಕ್ಕ ಹಿಡಿಯಬೇಕೆಂದು ಮುಖ್ಯ ಸಂಸ್ಥೆಗಳು ನಿರ್ಧರಿಸಿವೆ. ಸಹಪಾಠಿಗಳು ಒಂದೇ ತಂಡದಲ್ಲಿ ಆಡಲು ಇದರಿಂದ ಅನುಕೂಲವಾಗುತ್ತದೆ. ಪರದೇಶದಿಂದ ಬಂದ, ಹತ್ತು ವರ್ಷ ತುಂಬಿದ ಮಗುವಿಗೆ ಫೀಫಾ ಎಂಬ ವಿಶ್ವಸಂಸ್ಥೆಯ ನಿಯಮಗಳ ಮೇರೆಗೆ ಪ್ರತ್ಯೇಕ ಅನುಮತಿಯೂ ಬೇಕಾಗಬಹುದು. ಬಾಲಕರನ್ನು ಆಟದ ವ್ಯಾಪಾರಕ್ಕಾಗಿ ದೇಶದಿಂದ ದೇಶಕ್ಕೆ ಸಾಗಿಸುವುದನ್ನು ತಡೆಯುವುದು ಆ ನಿಯಮಗಳ ಉದ್ದೇಶ. ತಂದೆತಾಯಿಗಳು ಆಟಕ್ಕೆ ಸಂಬಂಧಿಸದ ಕಾರಣದಿಂದ ವಲಸೆ ಬಂದಿದ್ದರೆ ಅದಕ್ಕೆ ಅವಕಾಶವುಂಟು. ಈ ಕೆಲಸಕ್ಕೆ ಕೆಲವು ಕಾಲ ಹಿಡಿಯುವುದರಿಂದ ಬೇಗನೆ ತೊಡಗಬೇಕು.

ಇಷ್ಟೆಲ್ಲ ವಿಚಾರಿಸಿದ ಮೇಲೆ ಕಟ್ಟಕಡೆಗೆ ಕೇಳಬೇಕಾದುದು, ಅಲ್ಲ, ಮೊಟ್ಟಮೊದಲೇ ಕೇಳಬೇಕಾದುದು ಮಗುವಿನ ಇಷ್ಟವನ್ನು. ಮನೆ ಬದಲಾಯಿಸುವ ನಿರ್ಧಾರವನ್ನು ಹಿರಿಯರು ಮಾಡುತ್ತಾರೆ. ಅದರಲ್ಲಿ ಮಗುವಿನ ಮಾತು ನಡೆಯುವುದಿಲ್ಲ. ಗೆಳೆಯರನ್ನು ಬಿಟ್ಟುಬರುವ ದುಃಖವನ್ನು ಅದು ನುಂಗಿಕೊಂಡಿರುತ್ತದೆ. ಆಟದ ಸಂಘವನ್ನು ಆರಿಸುವಲ್ಲಿಯಾದರೂ ಅದರ ಮಾತಿಗೆ ಬೆಲೆ ಕೊಟ್ಟರೆ, ಹೊಸ ಊರಿನಲ್ಲಿ ಒಂದು ವಸ್ತುವಾದರೂ ತಾನೇ ಆರಿಸಿಕೊಂಡದ್ದು ಎಂಬ ಸಮಾಧಾನ ಅದಕ್ಕೆ ದೊರೆಯುತ್ತದೆ. ಆಯ್ಕೆ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಅದನ್ನು ಮನೆತನದ ಮಾನದ ಪ್ರಶ್ನೆಯಾಗಿ ಮಾಡಿಕೊಳ್ಳಬಾರದು. ಹನ್ನೊಂದನೆಯ ವಯಸ್ಸಿನಲ್ಲಿ ಕುಳ್ಳಾಗಿ ನಿಧಾನವಾಗಿದ್ದ ಹುಡುಗನು ಹದಿನಾಲ್ಕಕ್ಕೆ ಎತ್ತರವಾಗಿ ಚುರುಕಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ದೊಡ್ಡವರಾಗಿ ಬೇರೆ ಊರಿಗೋ ಬೇರೆ ದೇಶಕ್ಕೋ ಹೋಗಿ ಮನೆ ಹೂಡುವಿರಿ. ಇನ್ನು ಕೆಲವರು ಇಲ್ಲಿಯೇ ಗಿರಗಾಂವಿನಿಂದ ಡೊಂಬಿವಲಿಗೆ ಮನೆ ಬದಲಾಯಿಸುವಿರಿ. ಎಲ್ಲಿಗೆ ಹೋದರೂ ಸಂಘವನ್ನು ಅಳೆಯುವ ಕೋಲು ಒಂದೇ: ಅಲ್ಲಿ ಕಲಿಕೆಯುಂಟೇ, ಆಡಲು ಅವಕಾಶವುಂಟೇ, ಕ್ಷೇಮವುಂಟೇ, ಸ್ನೇಹವುಂಟೇ? ಈಗಲೇ ಒಂದು ಕೆಲಸವೂ ನಿಮ್ಮ ಕೈಯಲ್ಲಿದೆ. ನಮ್ಮ ಶಾಲೆಗೆ ವರ್ಷವರ್ಷವೂ ಊರುಬಿಟ್ಟು ಬಂದ ಹೊಸ ಮಕ್ಕಳು ಸೇರುತ್ತಾರೆ. ಆಟದ ಹೊತ್ತಿನಲ್ಲಿ ಅವರು ಗೋಡೆಗೆ ಒರಗಿ ನಿಂತಿದ್ದರೆ ಕೈಹಿಡಿದು ಕರೆದು ನಿಮ್ಮ ಪಕ್ಷಕ್ಕೆ ಸೇರಿಸಿಕೊಳ್ಳಿರಿ.